ಸಿಟ್ಟು ಬರಬೇಕಾದದ್ದು ‘ಬ್ರೋ’ ಮೇಲಲ್ಲ

ಈಗಿನ ಹುಡುಗರ ಮಾತು ಕೇಳೋಕೇ ಆಗಲ್ಲ ಅನ್ನುವ ಗೊಣಗಾಟ ಎಲ್ಲ ಕಡೆ ಕೇಳಿಸುತ್ತದೆ. ಮಾತಿಗೊಂದು ‘ಬ್ರೋ’. ಉಸಿರಿಗೊಂದು ‘ಲಿಟರಲಿ’. ಚೆನ್ನಾಗಿದ್ದರೆ ‘ಬೆಂಕಿ’, ತುಂಬಾ ಚೆನ್ನಾಗಿದ್ದರೆ ‘ನೆಕ್ಸ್ಟ್ ಲೆವೆಲ್’, ಮುಜುಗರವಾದರೆ ‘ಕ್ರಿಂಜ್’, ಏನು ಅಂತ ಹೇಳೋಕೆ ಬಾರದಿದ್ದರೆ ‘ವೈಬ್’. ದಿನವಿಡೀ ಇದನ್ನೇ ಕೇಳಿದರೆ ಯಾರಿಗಾದರೂ ತಲೆ ಚಿಟ್ಟು ಹಿಡಿಯುತ್ತದೆ, ಅದರಲ್ಲಿ ಸುಳ್ಳೇನೂ ಇಲ್ಲ.

ನನ್ನ ತಕರಾರು ಬೇರೆ. ಈ ಪದಗಳ ಮೇಲೆ ನಾವು ಹರಿಹಾಯುವುದು ಸುಮ್ನೆ ವ್ಯರ್ಥ. ಇವುಗಳಲ್ಲಿ ಮುಕ್ಕಾಲು ಪಾಲು ಯಾರಿಗೂ ತೊಂದರೆ ಕೊಡದೆ ತಾವಾಗಿಯೇ ಹೋಗಿಬಿಡುತ್ತವೆ. ನಿಜವಾಗಿ ಕಾಟ ಕೊಡುವ ಮಾತುಗಳು ಬೇರೆ ಇವೆ. ಅವು ಸಭ್ಯವಾಗಿ ಕೇಳಿಸುತ್ತವೆ, ಅಚ್ಚುಕಟ್ಟಾದ ಕನ್ನಡದಲ್ಲೂ ಇರುತ್ತವೆ, ದೊಡ್ಡವರ ಬಾಯಲ್ಲೇ ಹೆಚ್ಚು ಬರುತ್ತವೆ. ಅದಕ್ಕೇ ಅವುಗಳ ಮೇಲೆ ಯಾರೂ ರೇಗುವುದಿಲ್ಲ.

ಮೊದಲು ಈ ಸಿಟ್ಟು ಎಷ್ಟು ಹಳೆಯದು ನೋಡಿ. 1710ರಲ್ಲೇ ಗಲಿವರನ ಕತೆ ಬರೆದ ಜೊನಾಥನ್ ಸ್ವಿಫ್ಟ್ ಇಂಗ್ಲಿಷಿನ ಹೊಸ ಪದಗಳ ಬಗ್ಗೆ ಪತ್ರಿಕೆಯಲ್ಲಿ ಬರೆದು ಕಿಡಿ ಕಾರಿದ್ದರು. ಅವರನ್ನು ಕೆರಳಿಸಿದ ಪದಗಳಲ್ಲಿ ‘ಮಾಬ್’ (ದೊಂಬಿ ಗುಂಪು), ‘ಬ್ಯಾಂಟರ್’ (ಕೀಟಲೆ ಮಾತು) ಇದ್ದವು. ‘ಮಾಬ್’ ಅನ್ನುವುದು ಉದ್ದನೆಯ ಲ್ಯಾಟಿನ್ ಮಾತೊಂದನ್ನು ಕತ್ತರಿಸಿ ಮಾಡಿದ ಪದ, ಅವರ ಕಣ್ಣಿಗೆ ಅದು ಸೋಮಾರಿತನ. ಇವತ್ತು ಆ ಪದವನ್ನು ನ್ಯಾಯಾಲಯದ ತೀರ್ಪುಗಳಲ್ಲೂ ಬಳಸುತ್ತಾರೆ. ‘ಓಕೆ’ಯ ಕತೆಯೂ ಹೀಗೇ. 1830ರ ದಶಕದ ಕೊನೆಯಲ್ಲಿ ಅಮೆರಿಕದ ಬಾಸ್ಟನ್ನಿನ ಪತ್ರಿಕೆಗಳಲ್ಲಿ ತಮಾಷೆಗೆ ತಪ್ಪು ಕಾಗುಣಿತ ಬರೆದು ಅದನ್ನು ಚಿಕ್ಕದು ಮಾಡುವ ಹುಚ್ಚು ಶುರುವಾಗಿತ್ತು. ‘ಆಲ್ ಕರೆಕ್ಟ್’ ಅನ್ನುವುದನ್ನು ಬೇಕಂತಲೇ ‘oll korrect’ ಅಂತ ತಪ್ಪಾಗಿ ಬರೆದು ಅದರ ಮೊದಲಕ್ಷರಗಳನ್ನು ಇಟ್ಟುಕೊಂಡರು. 1839ರಲ್ಲಿ ಅದು ಅಚ್ಚಾಯಿತು. ಅದರ ಜೊತೆ ಹುಟ್ಟಿದ ಉಳಿದ ತಮಾಷೆಗಳೆಲ್ಲ ಸತ್ತವು, ಇದೊಂದು ಉಳಿದು ಭೂಮಿಯ ಮೇಲಿನ ಹೆಚ್ಚು ಕಡಿಮೆ ಎಲ್ಲ ಭಾಷೆಗಳಿಗೂ ನುಗ್ಗಿತು. ಯಾವ ಪದ ಉಳಿಯುತ್ತೆ, ಯಾವುದು ಹೋಗುತ್ತೆ ಅಂತ ಅದು ಹುಟ್ಟಿದ ಕಾಲದಲ್ಲಿ ಯಾರಿಗೂ ಹೇಳೋಕೆ ಆಗಲ್ಲ.

ಇನ್ನೊಂದು ವಿಷಯ. ನಮ್ಮ ಕಿವಿಯೇ ನಮಗೆ ಮೋಸ ಮಾಡುತ್ತದೆ. ಅರ್ನಾಲ್ಡ್ ಜ್ವಿಕಿ ಅನ್ನುವ ಭಾಷಾವಿಜ್ಞಾನಿ 2005ರಲ್ಲಿ ಇಂಥ ಎರಡು ಭ್ರಮೆಗಳಿಗೆ ಹೆಸರು ಕೊಟ್ಟರು. ನಾವು ಈಗಷ್ಟೇ ಗಮನಿಸಿದ್ದು ಈಗಷ್ಟೇ ಹುಟ್ಟಿದೆ ಅಂದುಕೊಳ್ಳುವುದು ಒಂದು ಭ್ರಮೆ. ಒಮ್ಮೆ ಗಮನಿಸಿದ ಮೇಲೆ ಎಲ್ಲರೂ ಅದನ್ನೇ ಹೇಳುತ್ತಿದ್ದಾರೆ ಅನಿಸುವುದು ಇನ್ನೊಂದು. ‘ಲಿಟರಲಿ’ಯನ್ನೇ ತಗೊಳ್ಳಿ. ಅಕ್ಷರಶಃ ಅಲ್ಲದ ಕಡೆ ಅದನ್ನು ಬಳಸುವುದು ಈ ಕಾಲದ ಕೆಟ್ಟ ಚಾಳಿ ಅಂತ ಎಲ್ಲರೂ ನಂಬಿದ್ದಾರೆ. ಆಕ್ಸ್‌ಫರ್ಡ್ ನಿಘಂಟಿನಲ್ಲಿ ಅಂಥ ಬಳಕೆಗೆ ಸಿಕ್ಕಿರುವ ಹಳೆಯ ಉದಾಹರಣೆ 1769ರದ್ದು. ಆಕ್ಸ್‌ಫರ್ಡ್‌ನವರು 2024ರ ವರ್ಷದ ಪದವಾಗಿ ಆರಿಸಿದ ‘ಬ್ರೈನ್ ರಾಟ್’ (ಮಿದುಳು ಕೊಳೆಯುವುದು) ಕೂಡ 1854ರಷ್ಟು ಹಿಂದೆಯೇ ಅಚ್ಚಾಗಿದೆ. ಹೊಸದು ಅಂತ ನಾವು ಬೈಯುವ ಎಷ್ಟೋ ಮಾತುಗಳು ನಮ್ಮ ಮುತ್ತಜ್ಜಂದಿರಿಗಿಂತ ಹಳೆಯವು.

ಕನ್ನಡದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ‘ಸಖತ್ತಾಗಿದೆ’ ಅಂತ ನಾವೆಲ್ಲ ಹೇಳುತ್ತೇವೆ. ಅದು ‘ಸಖ್ತ್’ ಅನ್ನುವ ಪಾರಸಿ ಪದ, ಅರ್ಥ ಗಟ್ಟಿ, ಕಠಿಣ. ‘ಮಸ್ತ್’ ಅಂದರೆ ಅಮಲೇರಿದ ಅಂತ. ‘ಭಯಂಕರ ಚೆನ್ನಾಗಿ ಹಾಡ್ತಾಳೆ’ ಅನ್ನುವಾಗ ಯಾರಿಗೂ ಭಯವಾಗುವುದಿಲ್ಲ. ಜಗತ್ತಿನ ಭಾಷೆಗಳೆಲ್ಲ ಮಾಡುವ ಕೆಲಸ ಇದು: ‘ತುಂಬಾ’ ಅಂತ ಒತ್ತಿ ಹೇಳಬೇಕಾದಾಗ ಒಂದು ಜೋರಾದ ಪದವನ್ನು ಎಳೆದು ತರುತ್ತವೆ, ಅದನ್ನು ಬಳಸಿ ಬಳಸಿ ಅದರ ಖಾರ ಇಳಿಯುತ್ತದೆ, ಆಮೇಲೆ ಅದಕ್ಕಿಂತ ಜೋರಾದ ಇನ್ನೊಂದು ಬೇಕಾಗುತ್ತದೆ. ಇಂಗ್ಲಿಷಿನ ‘ವೆರಿ’ಗೂ ಒಂದು ಕಾಲದಲ್ಲಿ ‘ನಿಜವಾದ’ ಅನ್ನುವ ಅರ್ಥವಿತ್ತು. ‘ಟೆರಿಫಿಕ್’ ಅಂದರೆ ಭಯ ಹುಟ್ಟಿಸುವಂಥದ್ದು. ಹಾಗಾಗಿ ‘ಬೆಂಕಿ’ ಅಂದ ಹುಡುಗನೂ ‘ಭಯಂಕರ’ ಅಂದ ಅವನ ತಾತನೂ ಮಾಡಿದ್ದು ಒಂದೇ ಕೆಲಸ.

ಬದಲಾಗಿರುವುದು ವೇಗ. ಮೊದಲೆಲ್ಲ ಒಂದು ಪದ ಒಂದು ಕಾಲೇಜಿನಿಂದ ಇನ್ನೊಂದು ಕಾಲೇಜಿಗೆ ಹೋಗೋಕೆ ವರ್ಷ ಹಿಡಿಯುತ್ತಿತ್ತು, ಅಷ್ಟರಲ್ಲಿ ನಮ್ಮ ಕಿವಿ ಅದಕ್ಕೆ ಒಗ್ಗಿಕೊಳ್ಳುತ್ತಿತ್ತು. ಈಗ ಒಂದು ವಾರದಲ್ಲಿ ಅದು ಎಲ್ಲರ ಫೋನಿಗೂ ಬರುತ್ತದೆ, ಎರಡನೇ ವಾರ ಜಾಹೀರಾತಿನಲ್ಲಿರುತ್ತದೆ, ಮೂರನೇ ವಾರ ನೆಂಟರ ಗ್ರೂಪಿನಲ್ಲಿರುತ್ತದೆ. ಅಲ್ಲಿಗೆ ಹುಡುಗರು ಅದನ್ನು ಕೈಬಿಟ್ಟಿರುತ್ತಾರೆ. ದೊಡ್ಡವರು ಹೇಳೋಕೆ ಶುರುಮಾಡಿದ ಪದ ಅವರಿಗೆ ಬೇಡ. ಆಡುಮಾತಿನ ಹೊಸ ಪದಗಳಿಗೆ ಅರ್ಥಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ. ನೀನು ನಮ್ಮವನು, ಅವನು ಅಲ್ಲ ಅಂತ ಗುರುತು ಹಿಡಿಯುವುದು. 2025ರಲ್ಲಿ ಶಾಲೆಗಳಲ್ಲಿ ಮೇಷ್ಟ್ರುಗಳ ತಲೆ ತಿಂದ ‘ಸಿಕ್ಸ್ ಸೆವೆನ್’ಗೆ ಅರ್ಥ ಅಂತ ಏನೂ ಇಲ್ಲ. ಒಂದು ರ‍್ಯಾಪ್ ಹಾಡಿನಿಂದ ಹುಟ್ಟಿ ರೀಲ್ಸ್‌ಗಳಲ್ಲಿ ಹಬ್ಬಿದ್ದು. ಡಿಕ್ಷನರಿ ಡಾಟ್ ಕಾಮ್ ಅದನ್ನೇ ಆ ವರ್ಷದ ಪದ ಅಂತ ಆರಿಸಿತು. ದೊಡ್ಡವರಿಗೆ ಅರ್ಥವಾಗದೆ ಇರುವುದೇ ಅದರ ಉಪಯೋಗ. ಮಕ್ಕಳು ಮೊದಲಿಂದಲೂ ‘ಕ’ ಭಾಷೆ, ‘ಪ’ ಭಾಷೆ ಅಂತ ಮಾತಿನ ನಡುವೆ ಅಕ್ಷರ ಸೇರಿಸಿ ಗುಟ್ಟು ಮಾತಾಡಿದ್ದೂ ಇದಕ್ಕೇ ಅಲ್ವಾ?

ಇದರಲ್ಲಿ ನನಗೆ ಬೇಸರ ತರಿಸುವ ಒಂದು ಅಂಶ ಇದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ‘ಕೂಲ್’, ‘ಸ್ಲೇ’, ‘ಲಿಟ್’, ‘ವೋಕ್’ ಈ ತರಹದ ಪದಗಳಲ್ಲಿ ಬಹಳಷ್ಟು ಅಮೆರಿಕದ ಕಪ್ಪು ಜನರ ಮಾತಿನಿಂದ ಬಂದವು. ‘ವೋಕ್’ ಅಂದರೆ ಅಲ್ಲಿ ಎಚ್ಚರವಾಗಿರು, ನಿನಗೆ ಅನ್ಯಾಯ ಮಾಡುವವರ ಮೇಲೆ ಕಣ್ಣಿಟ್ಟಿರು ಅಂತ. 1930ರ ದಶಕದಲ್ಲೇ ಆ ಅರ್ಥದಲ್ಲಿ ಬಳಕೆಯಲ್ಲಿತ್ತು. ಅವರು ಆಡಿದಾಗ ಅದು ಒರಟು ಇಂಗ್ಲಿಷ್ ಅನ್ನಿಸಿಕೊಂಡಿತು. ಕಂಪನಿಗಳು ಟೀ ಶರ್ಟಿನ ಮೇಲೆ ಹಾಕಿದಾಗ ಫ್ಯಾಷನ್ ಆಯಿತು. ಕೊನೆಗೆ ‘ವೋಕ್’ ಒಂದು ಬೈಗುಳವೇ ಆಗಿಹೋಯಿತು.

ಸರಿ, ಕಿರಿಕಿರಿ ಮಾಡುವ ಪದಗಳನ್ನು ನಿಷೇಧಿಸಿದರೆ? ಮಾಡಿ ನೋಡಿದವರಿದ್ದಾರೆ. ಅಮೆರಿಕದ ಮಿಷಿಗನ್‌ನಲ್ಲಿರುವ ಲೇಕ್ ಸುಪೀರಿಯರ್ ಸ್ಟೇಟ್ ವಿಶ್ವವಿದ್ಯಾಲಯ 1976ರಿಂದ ಪ್ರತಿ ವರ್ಷ ಗಡಿಪಾರು ಮಾಡಬೇಕಾದ ಪದಗಳ ಪಟ್ಟಿ ಬಿಡುತ್ತದೆ. ಜನರೇ ಪದಗಳನ್ನು ಕಳಿಸುತ್ತಾರೆ. 2025ರ ಪಟ್ಟಿಯಲ್ಲಿ ಮೊದಲ ಪದವೇ ‘ಕ್ರಿಂಜ್’. ನನ್ನ ಗಮನ ಸೆಳೆದದ್ದು ಇನ್ನೊಂದು ಮಾತು. ‘ಅಟ್ ದಿ ಎಂಡ್ ಆಫ್ ದಿ ಡೇ’ (ಕೊನೆಗೆ ನೋಡಿದರೆ) ಅನ್ನುವುದನ್ನು ಅವರು 1999ರಲ್ಲಿ ಗಡಿಪಾರು ಮಾಡಿದ್ದರು. ಅದು ಹೋಗಲಿಲ್ಲ. 2022ರಲ್ಲಿ ಮತ್ತೆ ಮಾಡಬೇಕಾಯಿತು. ಈಗಲೂ ಅದು ಆರಾಮಾಗಿ ಓಡಾಡಿಕೊಂಡಿದೆ, ಕನ್ನಡದ ಸಂದರ್ಶನಗಳಲ್ಲೂ ಸಿಗುತ್ತದೆ. ಹುಡುಗರ ಪದಗಳು ಎರಡು ವರ್ಷಕ್ಕೆ ಸಾಯುತ್ತವೆ, ಇಂಥ ದೊಡ್ಡವರ ಮಾತು ಎರಡೆರಡು ಸಲ ಓಡಿಸಿದರೂ ಹೋಗುವುದಿಲ್ಲ. ಯಾಕೆ? ಯಾಕಂದರೆ ಅದು ಹೇಳುವವರಿಗೆ ಒಂದು ಕೆಲಸ ಮಾಡಿಕೊಡುತ್ತಿದೆ.

ಆ ಕೆಲಸ ಏನು ಅಂತ ಹಿಡಿದರೆ ಯಾವ ಮಾತನ್ನು ಕ್ಷಮಿಸಬಹುದು, ಯಾವುದನ್ನು ಬಿಡಬಾರದು ಅನ್ನುವುದು ತಿಳಿಯುತ್ತದೆ.

ಕೆಲವು ಮಾತುಗಳ ಕೆಲಸ ಬರೀ ಸಮಯ ಕೊಡುವುದು. ಹರ್ಬರ್ಟ್ ಕ್ಲಾರ್ಕ್ ಮತ್ತು ಜೀನ್ ಫಾಕ್ಸ್ ಟ್ರೀ ಅನ್ನುವ ಮನಶ್ಶಾಸ್ತ್ರಜ್ಞರು 2002ರಲ್ಲಿ ಇಂಗ್ಲಿಷಿನ ‘ಅಹ್’, ‘ಅಮ್’ಗಳ ಬಗ್ಗೆ ಬರೆದರು. ಚಿಕ್ಕ ತಡವಾಗುವ ಮುಂಚೆ ‘ಅಹ್’ ಬರುತ್ತದೆ, ದೊಡ್ಡ ತಡಕ್ಕೆ ‘ಅಮ್’ ಬರುತ್ತದೆ. ಅಂದರೆ ಅದು ತೊದಲು ಮಾತ್ರ ಅಲ್ಲ, ಇನ್ನೂ ನನ್ನ ಮಾತು ಮುಗಿದಿಲ್ಲ, ಸ್ವಲ್ಪ ತಾಳಿ ಅಂತ ಕೇಳುವವರಿಗೆ ಕೊಡುವ ಸೂಚನೆ. ನಮ್ಮ ‘ಅದೂ…’, ‘ಏನಪ್ಪಾ ಅಂದ್ರೆ’, ‘ಒಂಥರಾ’, ‘ಅಂತ ಹೇಳ್ಬಿಟ್ಟು’, ‘ಆಕ್ಚುಲಿ’ ಎಲ್ಲವೂ ಈ ಜಾತಿಗೆ ಸೇರಿದವು. ಜಾಸ್ತಿಯಾದರೆ ಕಿರಿಕಿರಿ, ಅಷ್ಟೇ. ಇದಕ್ಕಾಗಿ ಒಬ್ಬರನ್ನು ದಡ್ಡರು ಅಂತ ಎಣಿಸುವುದು ಅನ್ಯಾಯ.

ಆದರೆ ಇದೇ ಸಮಯ ತುಂಬುವ ಕೆಲಸ ಟಿವಿಗೆ ಹೋದಾಗ ಏನಾಗುತ್ತೆ ನೋಡಿ. ನೇರ ಪ್ರಸಾರದಲ್ಲಿ ವರದಿಗಾರ ನಿಂತಿರುತ್ತಾನೆ, ಗೊತ್ತಿರುವುದು ಒಂದೇ ಸಂಗತಿ, ತುಂಬಬೇಕಾದದ್ದು ನಾಲ್ಕು ನಿಮಿಷ. ಆಗ ಬರುವ ವಾಕ್ಯ ಇದು: “ಈ ಒಂದು ಘಟನೆ ಏನಿದೆ, ಈ ಒಂದು ಘಟನೆಗೆ ಸಂಬಂಧಪಟ್ಟ ಹಾಗೆ ಪೊಲೀಸರು ಏನಿದ್ದಾರೆ, ಅವರು ತನಿಖೆಯನ್ನ ನಡೆಸತಕ್ಕಂಥ ಒಂದು ಕೆಲಸವನ್ನ ಮಾಡ್ತಾ ಇದ್ದಾರೆ ಅಂತ ಹೇಳಬಹುದು.” ಇದರಲ್ಲಿ ಇರುವ ಸುದ್ದಿ ಮೂರೇ ಪದ: ಪೊಲೀಸರು ತನಿಖೆ ನಡೆಸುತ್ತಿದ್ದಾರೆ. ಉಳಿದದ್ದೆಲ್ಲ ಯೋಚನೆಗೆ ಮಾಡಿಕೊಂಡ ಜಾಗ. ಆ ‘ತಕ್ಕಂಥ’ವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ‘ತಕ್ಕ’ ಅಂದರೆ ಯೋಗ್ಯವಾದ, ಸರಿಹೊಂದುವ. ‘ಮಾಡತಕ್ಕ ಕೆಲಸ’ ಅಂದರೆ ಮಾಡಬೇಕಾದ ಕೆಲಸ, ‘ನೋಡತಕ್ಕ ಜಾಗ’ ಅಂದರೆ ನೋಡಲು ಯೋಗ್ಯವಾದ ಜಾಗ. ಈಗ ‘ಕಳ್ಳತನ ಮಾಡತಕ್ಕಂಥ ವ್ಯಕ್ತಿ’ ಅಂತ ಧೈರ್ಯವಾಗಿ ಹೇಳುತ್ತಾರೆ. ‘ಮಾಡುವ’ ಅಂದರೆ ಚಿಕ್ಕದಾಯಿತು, ಗಂಭೀರವಾಗಿ ಕೇಳಿಸಲಿಲ್ಲ ಅನ್ನುವ ಅಂಜಿಕೆ. ವರದಿಗಾರನ ಮೇಲೆ ನನಗೆ ಸಿಟ್ಟಿಲ್ಲ, ಅವನನ್ನು ಹಾಗೆ ನಿಲ್ಲಿಸಿದವರ ಮೇಲಿದೆ. ಬೇಸರದ ವಿಷಯ ಏನಂದರೆ ಈ ಧಾಟಿ ಈಗ ಎಲ್ಲರಿಗೂ ಅಂಟಿಕೊಂಡಿದೆ. ಯೂಟ್ಯೂಬಿನಲ್ಲಿ ಏನನ್ನೋ ಕಲಿಸುವವರು, ವೇದಿಕೆ ಮೇಲೆ ಸ್ವಾಗತ ಮಾಡುವವರು, ಶಾಲೆಯ ಭಾಷಣ ಸ್ಪರ್ಧೆಯ ಮಕ್ಕಳು, ಎಲ್ಲರೂ ‘ಈ ಒಂದು’, ‘ಆ ಒಂದು’ ಅನ್ನುತ್ತಾರೆ. ಸರಳವಾಗಿ ಹೇಳಿದರೆ ಜನ ಹಗುರವಾಗಿ ತಗೋತಾರೆ ಅಂತ ಮಕ್ಕಳು ಕಲಿಯುತ್ತಿದ್ದಾರಲ್ಲ, ಅದು ‘ಬ್ರೋ’ಗಿಂತ ಎಷ್ಟೋ ದೊಡ್ಡ ನಷ್ಟ.

ಇನ್ನು ಭಾರವಾದ ಪದಗಳನ್ನು ಹಗುರ ಮಾಡುವ ಚಾಳಿ. ಇಲ್ಲಿಂದ ನನ್ನ ಸಿಟ್ಟು ಶುರುವಾಗುತ್ತದೆ. ಫಲಿತಾಂಶ ಸ್ವಲ್ಪ ಕೆಟ್ಟರೆ ‘ಡಿಪ್ರೆಶನ್’. ಪುಸ್ತಕ ಸಾಲಾಗಿ ಜೋಡಿಸಿದರೆ ‘ಓಸಿಡಿ’ (ಗೀಳಿನ ಕಾಯಿಲೆ). ಯಾರೋ ಜೋರಾಗಿ ಮಾತಾಡಿದರೆ ‘ಟ್ರಾಮಾ’. ನಮ್ಮ ಮಾತಿಗೆ ಯಾರಾದರೂ ಒಪ್ಪದಿದ್ದರೆ ‘ಗ್ಯಾಸ್‌ಲೈಟಿಂಗ್’. ಈ ಕೊನೆಯ ಪದ 1938ರ ಒಂದು ಇಂಗ್ಲಿಷ್ ನಾಟಕದಿಂದ ಬಂದದ್ದು. ಅದರಲ್ಲಿ ಗಂಡನೊಬ್ಬ ಮಾಡುವ ಕೆಲಸಕ್ಕೆ ಮನೆಯ ಗ್ಯಾಸ್ ದೀಪದ ಬೆಳಕು ಮಂದವಾಗುತ್ತದೆ. ಹೆಂಡತಿ ಅದನ್ನು ಗಮನಿಸಿದರೂ ಹಾಗೇನೂ ಆಗಿಲ್ಲ, ನಿನಗೇ ಬುದ್ಧಿ ಕೆಟ್ಟಿದೆ ಅಂತ ಅವಳನ್ನು ನಂಬಿಸುತ್ತಾ ಹೋಗುತ್ತಾನೆ. ತನ್ನ ಕಣ್ಣನ್ನೇ ತಾನು ನಂಬದ ಸ್ಥಿತಿಗೆ ಒಬ್ಬ ಮನುಷ್ಯನನ್ನು ತರುವ ಕ್ರೌರ್ಯ ಅದು. 2022ರಲ್ಲಿ ಮೆರಿಯಮ್ ವೆಬ್‌ಸ್ಟರ್ ನಿಘಂಟಿನವರು ಇದನ್ನು ವರ್ಷದ ಪದವಾಗಿ ಆರಿಸುವಷ್ಟು ಜನ ಇದರ ಅರ್ಥ ಹುಡುಕಿದ್ದರು. ಈಗ ‘ನಾನು ಹಾಗೆ ಹೇಳಿಲ್ಲ’ ಅಂದರೂ ಗ್ಯಾಸ್‌ಲೈಟಿಂಗ್ ಅನ್ನುತ್ತಾರೆ.

ಆಸ್ಟ್ರೇಲಿಯಾದ ಮನಶ್ಶಾಸ್ತ್ರಜ್ಞ ನಿಕ್ ಹ್ಯಾಸ್ಲಮ್ 2016ರಲ್ಲಿ ಇದರ ಬಗ್ಗೆ ಬರೆದರು. ಹಾನಿ, ಹಿಂಸೆ, ಕಾಯಿಲೆಗೆ ಸೇರಿದ ಪದಗಳು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಾ ಹೋಗಿವೆ, ಮೊದಲು ಗಂಭೀರ ಸಂಗತಿಗೆ ಮಾತ್ರ ಬಳಸುತ್ತಿದ್ದದ್ದನ್ನು ಈಗ ಸಣ್ಣದಕ್ಕೂ ಬಳಸುತ್ತೇವೆ ಅನ್ನುವುದು ಅವರ ಮಾತು. ಇದರಲ್ಲಿ ಒಳ್ಳೆಯದೂ ಇದೆ. ಮನೆಯಲ್ಲಿ ಹೊಡೆತ ತಿಂದವರಿಗೆ, ಕೆಲಸದ ಜಾಗದಲ್ಲಿ ಅವಮಾನ ನುಂಗಿದವರಿಗೆ ತಮಗೆ ಆಗಿದ್ದು ಏನು ಅಂತ ಹೇಳಿಕೊಳ್ಳೋಕೆ ಒಂದು ಪದ ಸಿಕ್ಕಿತು. ಅದು ಚಿಕ್ಕ ವಿಷಯ ಅಲ್ಲ. ಆದರೆ ಎಲ್ಲದಕ್ಕೂ ಬಳಸಿದಾಗ ಪೆಟ್ಟು ತಿನ್ನುವವರೂ ಅವರೇ. ವೈದ್ಯರು ಖಿನ್ನತೆ ಅಂತ ಹೇಳಬೇಕಾದರೆ ಕನಿಷ್ಠ 2 ವಾರ ಹೆಚ್ಚು ಕಡಿಮೆ ಪ್ರತಿ ದಿನ ಅದರ ಲಕ್ಷಣಗಳಿರಬೇಕು: ನಿದ್ದೆ, ಹಸಿವು, ಆಸಕ್ತಿ, ಶಕ್ತಿ, ಇಂಥ ಹಲವಕ್ಕೆ ಏಟು ಬಿದ್ದಿರುತ್ತದೆ. ಅಂಥ ಸ್ಥಿತಿಯಲ್ಲಿರುವ ಒಬ್ಬಳು ಎಲ್ಲ ಧೈರ್ಯ ಒಟ್ಟುಗೂಡಿಸಿ ‘ನಂಗೆ ಡಿಪ್ರೆಶನ್ ಇದೆ ಅನ್ಸುತ್ತೆ’ ಅಂದಾಗ, ಎದುರಿನವರು ‘ಎಲ್ರಿಗೂ ಇರುತ್ತೆ ಬಿಡೇ, ನಂಗೂ ನಿನ್ನೆ ಇತ್ತು’ ಅನ್ನುತ್ತಾರೆ. ಅವಳ ಹತ್ತಿರ ಇದ್ದದ್ದು ಅದೊಂದೇ ಪದ. ಇನ್ನು ಯಾವ ಪದದಲ್ಲಿ ಅವಳು ಹೇಳಬೇಕು?

ಎಲ್ಲಕ್ಕಿಂತ ಕೆಟ್ಟವು ತಪ್ಪಿಸಿಕೊಳ್ಳುವ ಮಾತುಗಳು. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ‘ವಿಷಯ ಗಮನಕ್ಕೆ ಬಂದಿದೆ.’ ‘ಹೇಳಿಕೆಯನ್ನು ತಿರುಚಲಾಗಿದೆ.’ ಈ ಮೂರರಲ್ಲೂ ಕೆಲಸ ಮಾಡುವ ಮನುಷ್ಯನೇ ಇಲ್ಲ. ಯಾರು ಕೈಗೊಳ್ಳುತ್ತಾರೆ, ಯಾವಾಗ, ಯಾವ ಕ್ರಮ, ಏನೂ ಇಲ್ಲ. ‘-ಲಾಗುವುದು’, ‘-ಲಾಗಿದೆ’ ಅನ್ನುವ ಬಾಲ ಸೇರಿದ ಕೂಡಲೇ ಮಾಡುವವನು ವಾಕ್ಯದಿಂದ ಮಾಯವಾಗಿಬಿಡುತ್ತಾನೆ. ಮನೆಯಲ್ಲಿ ನಾವು ಯಾರೂ ‘ಹಾಲು ತರಲಾಗುವುದು’ ಅನ್ನುವುದಿಲ್ಲ, ‘ನಾನು ತರ್ತೀನಿ’ ಅನ್ನುತ್ತೇವೆ. ಆಡುಮಾತಿಗೆ ಬೇಡವಾದ ಆ ರೂಪ ಅಧಿಕಾರದ ಕನ್ನಡದಲ್ಲಿ ತುಂಬಿಕೊಂಡಿರುವುದಕ್ಕೆ ಕಾರಣ ಅದರಲ್ಲಿ ಹೆಸರು ಹೇಳದೆ ಬಚಾವಾಗಬಹುದು ಅನ್ನುವುದು.

ಕ್ಷಮೆ ಕೇಳುವ ಮಾತನ್ನು ನೋಡಿ: ‘ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ ವಿಷಾದ ವ್ಯಕ್ತಪಡಿಸುತ್ತೇನೆ.’ ಎಷ್ಟು ಸಲ ಕೇಳಿದ್ದೇವೆ ಇದನ್ನು! ಒಂದೊಂದೇ ಪದ ಬಿಡಿಸಿ. ‘ಯಾರಿಗಾದರೂ’ ಅಂದಾಗ ನೋವಾದವರ ಹೆಸರು ಹೋಯಿತು. ‘ನೋವಾಗಿದ್ದರೆ’ ಅಂದಾಗ ನೋವಾಗಿದೆಯೋ ಇಲ್ಲವೋ ಅನ್ನುವುದೇ ಅನುಮಾನಕ್ಕೆ ಬಿತ್ತು. ‘ನನ್ನ ಮಾತಿನಿಂದ’ ಅಂದಾಗ ಯಾವ ಮಾತು ಅಂತ ಮತ್ತೊಮ್ಮೆ ಹೇಳುವ ಕಷ್ಟ ತಪ್ಪಿತು. ‘ವಿಷಾದ’ ಅಂದಾಗ ತಪ್ಪು ಅನ್ನುವ ಪದ ಹೊರಗೇ ಉಳಿಯಿತು. ಇಡೀ ವಾಕ್ಯ ಮುಗಿದ ಮೇಲೂ ಅವರು ಏನನ್ನೂ ಒಪ್ಪಿಕೊಂಡಿಲ್ಲ, ಆದರೆ ‘ಕ್ಷಮೆ ಕೇಳಿದ್ದಾರಲ್ಲ, ಇನ್ನೇನು ಬೇಕು’ ಅನ್ನುವವರ ಬೆಂಬಲ ಸಿಕ್ಕಿತು. ನೋವು ಉಂಡವರು ಈಗ ಹಟಮಾರಿಗಳಾಗಿ ಕಾಣುತ್ತಾರೆ. ಸಭ್ಯ ಮಾತಿನಲ್ಲಿ ಇದಕ್ಕಿಂತ ಒರಟುತನ ನನಗೆ ಗೊತ್ತಿಲ್ಲ.

ಮನೆಯೊಳಗೂ ಇದರ ತಂಗಿಯಂದಿರಿದ್ದಾರೆ. ‘ಏನೇ ಇದ್ರೂ ಹೇಳಿ, ನಾವಿದ್ದೀವಿ.’ ‘ಎಲ್ಲಾ ಒಳ್ಳೇದಕ್ಕೇ ಆಗೋದು.’ ‘ಪಾಸಿಟಿವ್ ಆಗಿರು.’ ಹೇಳುವವರ ಮನಸ್ಸು ಕೆಟ್ಟದ್ದಲ್ಲ, ಎಷ್ಟೋ ಸಲ ಏನು ಹೇಳಬೇಕು ಅಂತ ತೋಚದೆ ಬಾಯಿಗೆ ಬಂದದ್ದು. ಆದರೆ ಕೇಳುವವರಿಗೆ ಅದು ಬಾಗಿಲು ಹಾಕಿದಂತೆಯೇ ಕೇಳಿಸುತ್ತದೆ. ಕಷ್ಟದಲ್ಲಿರುವವರು ‘ಏನೇ ಇದ್ರೂ ಹೇಳಿ’ ಅಂದದ್ದಕ್ಕೆ ಫೋನ್ ಮಾಡಿ ಸಹಾಯ ಕೇಳುವುದು ಬಲು ಅಪರೂಪ. ‘ನಾಳೆ ಬೆಳಗ್ಗೆ ಬರ್ತೀನಿ, ಆಸ್ಪತ್ರೇಲಿ ನಾನು ಕೂತಿರ್ತೀನಿ, ನೀವು ಎರಡು ಗಂಟೆ ನಿದ್ದೆ ಮಾಡಿ’ ಅಂದರೆ ಅವರು ಬೇಡ ಅನ್ನುವುದಿಲ್ಲ.

ಈಗ ಯಂತ್ರಗಳೂ ಈ ರಾಶಿಗೆ ತಮ್ಮ ಪಾಲು ಸುರಿಯುತ್ತಿವೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ವೈದ್ಯಕೀಯ ಸಂಶೋಧನೆಯ ಇಂಗ್ಲಿಷ್ ಲೇಖನಗಳಲ್ಲಿ ‘ಡೆಲ್ವ್’ (ಆಳಕ್ಕಿಳಿದು ನೋಡು) ಅನ್ನುವಂಥ ಪದಗಳ ಬಳಕೆ ಇದ್ದಕ್ಕಿದ್ದಂತೆ ಏರಿತು, ಸಂಶೋಧಕರು ಲಕ್ಷಾಂತರ ಸಾರಾಂಶಗಳನ್ನು ಹೋಲಿಸಿ ಅದನ್ನು ತೋರಿಸಿದ್ದಾರೆ. ಕನ್ನಡದಲ್ಲಿ ಅಂಥ ಲೆಕ್ಕ ನನ್ನ ಕಣ್ಣಿಗೆ ಬಿದ್ದಿಲ್ಲ, ಆದರೆ ‘ಇದು ಕೇವಲ ಆಟವಲ್ಲ, ಇದೊಂದು ಭಾವನೆ’ ಅನ್ನುವ ಅಚ್ಚಿನ ವಾಕ್ಯ ಶುಭಾಶಯದಿಂದ ಹಿಡಿದು ಶ್ರದ್ಧಾಂಜಲಿಯವರೆಗೆ ಎಲ್ಲ ಕಡೆ ಕಾಣುತ್ತಿದೆ. ಯಾರೋ ತೀರಿಕೊಂಡಾಗ ಅವರ ಬಗ್ಗೆ ಬರೆಯುವ ನಾಲ್ಕು ಸಾಲಾದರೂ ಅವರನ್ನು ಬಲ್ಲವರ ಕೈಯಿಂದ ಬರಲಿ ಅಂತ ಬಯಸುವುದು ಅತಿಯಾಸೆ ಅಲ್ಲ ಅಂದುಕೊಂಡಿದ್ದೇನೆ.

ಹಾಗಾದರೆ ಮನೆಯಲ್ಲಿ, ಕ್ಲಾಸಿನಲ್ಲಿ ಮಾಡಬೇಕಾದ್ದೇನು? ‘ಬ್ರೋ’, ‘ಬೆಂಕಿ’, ‘ಸಿಕ್ಸ್ ಸೆವೆನ್’ ಬಿಟ್ಟುಬಿಡಿ, ತಿದ್ದಬೇಡಿ. ತಿದ್ದಿದಷ್ಟೂ ಅವು ಜಾಸ್ತಿ ದಿನ ಬಾಳುತ್ತವೆ. ಬದಲಿಗೆ ಅರ್ಥ ಮುಚ್ಚಿಡುವ ಮಾತು ಬಂದಾಗ ಒಂದು ಚಿಕ್ಕ ಪ್ರಶ್ನೆ ಕೇಳಿ. ‘ಸೂಕ್ತ ಕ್ರಮ’ ಅಂದವರಿಗೆ ‘ಯಾರು, ಎಷ್ಟನೇ ತಾರೀಕಿನೊಳಗೆ?’ ಅಂತ ಬರವಣಿಗೆಯಲ್ಲಿ ಕೇಳಿ. ‘ನೋವಾಗಿದ್ದರೆ’ ಅಂದವರಿಗೆ ‘ಯಾವ ಮಾತು ತಪ್ಪಾಯ್ತು ಅಂತ ನಿಮಗೆ ಅನ್ಸುತ್ತೆ?’ ಅಂತ ಕೇಳಿ. ಮಗಳು ಬಂದು ‘ಅವನು ತುಂಬಾ ಟಾಕ್ಸಿಕ್ ಅಮ್ಮಾ’ ಅಂದರೆ ಇದೆಲ್ಲ ಎಲ್ಲಿ ಕಲಿತೆ ಅಂತ ಬೈಯಬೇಡಿ, ‘ಏನು ಮಾಡಿದ ಅವನು?’ ಅಂತ ಕೇಳಿ. ‘ಮೆಸೇಜಿಗೆ ಉತ್ತರಾನೇ ಕೊಡಲ್ಲ’ ಅನ್ನಬಹುದು. ‘ನನ್ನ ಫೋನ್ ಕಿತ್ಕೊಂಡು ನೋಡ್ತಾನೆ, ಯಾರ ಜೊತೆ ಮಾತಾಡಿದ್ರೂ ಹೊಡೀತೀನಿ ಅಂತಾನೆ’ ಅಂತಲೂ ಅನ್ನಬಹುದು. ಎರಡಕ್ಕೂ ಅವಳು ಬಳಸಿದ್ದು ಒಂದೇ ಪದ, ಆದರೆ ಎರಡನೆಯದಕ್ಕೆ ಆ ಅಮ್ಮ ಅವತ್ತೇ ಎದ್ದು ಹೊರಡಬೇಕಾಗುತ್ತದೆ.